ಪರದೆಯ ಆಚೆ ಕೂತವರಿಗೆ ನಮ್ಮ ‘ಬೇಜಾರು’ ಅರ್ಥವಾಗುತ್ತದೆಯೇ?

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಆಕೆ ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹತ್ತುತ್ತಾರೆ. ನೀರಿನ ಟ್ಯಾಂಕಿನ ಹಿಂದೆ, ಪಕ್ಕದ ಮನೆಯ ಕಿಟಕಿಗೆ ಕಾಣದಂಥ ಒಂದು ಮೂಲೆ ಇದೆ. ಬಟ್ಟೆಯನ್ನೆಲ್ಲ ತಂತಿಯ ಮೇಲೆ ಹರವಿ, ಖಾಲಿಯಾದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು, ಮುಂದಿನ ಐವತ್ತು ನಿಮಿಷ ಬೆಂಗಳೂರಿನಲ್ಲಿರುವ ಚಿಕಿತ್ಸಕಿಯೊಬ್ಬರ ಜೊತೆ ಮಾತಾಡುತ್ತಾರೆ. ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ಎದ್ದು, ಆಗಷ್ಟೇ ಹರವಿದ ಸೀರೆಯನ್ನು ತೆಗೆದು ಕೊಡವಿ ಮತ್ತೆ ಅದೇ ತಂತಿಗೆ ಹಾಕುತ್ತಾರೆ.

ಇವರು ನನ್ನ ಪರಿಚಯದವರು. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬದಲಿಸಿ ಬರೆಯುತ್ತಿದ್ದೇನೆ. ಒಂದೇ ವರ್ಷದಲ್ಲಿ ಅವರ ತಾಯಿ ತೀರಿಕೊಂಡರು, ಮಗ ಕೆಲಸಕ್ಕೆಂದು ಪುಣೆಗೆ ಹೋದ, ಹದಿನಾರು ವರ್ಷ ಬಾಡಿಗೆಗಿದ್ದ ಮನೆಯನ್ನು ಬಿಡಬೇಕಾಯಿತು. ಇವುಗಳಲ್ಲಿ ಯಾವುದೂ ಊರಿನ ಕಣ್ಣಿಗೆ ‘ಕಾಯಿಲೆ’ಯಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಎದೆ ಡವಡವ ಹೊಡೆದುಕೊಂಡು, ಕೈ ಜೋಮು ಹಿಡಿದು, ಈಗಲೇ ಪ್ರಾಣ ಹೋಗುತ್ತದೆ ಅನ್ನಿಸಲು ಶುರುವಾಯಿತು. ಎರಡು ಸಲ ಇಸಿಜಿ ಆಯಿತು, ಥೈರಾಯ್ಡ್ ಪರೀಕ್ಷೆ ಆಯಿತು, ‘ಏನೂ ಇಲ್ಲ, ಸುಮ್ಮನೆ ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತೂ ಆಯಿತು. ಆ ಮಾತು ಕೇಳಿ ಮನೆಗೆ ಬಂದ ಮೇಲೆ, ಎದೆ ಹೊಡೆದುಕೊಳ್ಳುವುದರ ಜೊತೆಗೆ ‘ಇಲ್ಲದ ಕಾಯಿಲೆ ಹಚ್ಚಿಕೊಂಡವಳು’ ಎಂಬ ಅವಮಾನವೂ ಸೇರಿಕೊಂಡಿತು.

ಆನ್‌ಲೈನ್ ಮಾತಿನ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಎದುರಿಗೆ ಕೂತು ಮಾತಾಡುವುದಕ್ಕೆ ಪರದೆಯ ಮೇಲಿನ ಮಾತು ಸಮವೇ? ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಮಾರಾಗಿ ಸಿಕ್ಕಿಯಾಗಿದೆ. ಉತ್ತರ ಸಿಗದೆ ಉಳಿದಿರುವುದು ಬೇರೆಯದು. ಆ ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ, ಯಾರ ಕಿವಿಗೂ ಬೀಳದೆ ಅದನ್ನು ಆಡಲು ಜಾಗ ಎಲ್ಲಿದೆ, ಆಚೆ ಬದಿಯಲ್ಲಿ ಕೂತವರು ಯಾರು ಮತ್ತು ಯಾರಿಗೆ ಉತ್ತರದಾಯಿಗಳು ಎಂಬ ವಿಚಾರಗಳಿಗೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಕನ್ನಡದಲ್ಲಿ ಬದುಕುವವರ ಮಟ್ಟಿಗೆ ಚಿಕಿತ್ಸೆ ಫಲಿಸುವುದೂ ಫಲಿಸದಿರುವುದೂ ಇವುಗಳನ್ನೇ ಅವಲಂಬಿಸಿದೆ.

ಮೊದಲು ಕೊರತೆ ಎಷ್ಟಿದೆ ಎಂಬುದನ್ನು ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನ ಸಮೀಕ್ಷೆಯ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕ ಮೊದಲಾದ ಸಾಮಾನ್ಯ ಮಾನಸಿಕ ಸಮಸ್ಯೆಗಳಿರುವವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 85ರ ಆಸುಪಾಸಿನಲ್ಲಿತ್ತು. ದೇಶದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಇಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕ 0.75. ಔಷಧವಿಲ್ಲದೆ ಮಾತಿನ ಮೂಲಕ ಚಿಕಿತ್ಸೆ ಕೊಡುವ, ತರಬೇತಾದ ಕ್ಲಿನಿಕಲ್ ಸೈಕಾಲಜಿಸ್ಟರು ಅದಕ್ಕಿಂತ ಕಡಿಮೆ, ಇರುವವರೂ ದೊಡ್ಡ ಊರುಗಳಲ್ಲೇ ನೆಲೆಸಿದ್ದಾರೆ. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ನಮ್ಮದೇ. ಆದರೆ ಒಂದು ಬೆಳಿಗ್ಗೆಯಲ್ಲಿ ಹತ್ತಾರು ಜನರನ್ನು ನೋಡಬೇಕಾದ ವೈದ್ಯರು ಮಾತ್ರೆ ಬರೆದುಕೊಡಬಲ್ಲರೇ ಹೊರತು, ಒಬ್ಬರ ಮುಂದೆ ವಾರಕ್ಕೊಮ್ಮೆ ಐವತ್ತು ನಿಮಿಷ ಕೂರಲಾರರು. ಮಾತಿನ ಚಿಕಿತ್ಸೆ ಬೇಡುವುದು ಮಾತ್ರ ಆ ಐವತ್ತು ನಿಮಿಷಗಳನ್ನೇ.

ಆ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬ ಬಗ್ಗೆ ನಮ್ಮಲ್ಲಿ ತಪ್ಪು ಕಲ್ಪನೆ ಬಹಳ. ಸಾಂತ್ವನ ಹೇಳುವುದು, ಬುದ್ಧಿವಾದ ಹೇಳುವುದು, ‘ಧೈರ್ಯ ತಂದುಕೋ’ ಎನ್ನುವುದು ಇವೆಲ್ಲ ಮನೆಯ ಹಿರಿಯರೂ ಗೆಳೆಯರೂ ಮಾಡುವ ಕೆಲಸ. ಅದಕ್ಕೆ ಅದರದೇ ಬೆಲೆ ಇದೆ. ಚಿಕಿತ್ಸೆ ಅದಲ್ಲ. ಉದಾಹರಣೆಗೆ, ಎದೆ ಹೊಡೆದುಕೊಳ್ಳುವ ಈ ಮಹಿಳೆಗೆ ಚಿಕಿತ್ಸಕಿ ಮೊದಲ ಎರಡು ವಾರ ಮಾಡಿಸಿದ್ದು ಒಂದು ಸಣ್ಣ ದಾಖಲೆ. ಎಷ್ಟು ಗಂಟೆಗೆ ಶುರುವಾಯಿತು, ಅದಕ್ಕೆ ಮುಂಚೆ ತಲೆಯಲ್ಲಿ ಏನು ಓಡುತ್ತಿತ್ತು, ಮೈಯಲ್ಲಿ ಏನಾಯಿತು, ಆಮೇಲೆ ಏನು ಮಾಡಿದಿರಿ ಎಂಬ ನಾಲ್ಕು ಅಂಕಣಗಳನ್ನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಆಕೆ ಎಳೆದುಕೊಂಡರು. ಎರಡು ವಾರದ ದಾಖಲೆ ಮುಂದಿಟ್ಟುಕೊಂಡು ನೋಡಿದಾಗ ಒಂದು ಸುತ್ತು ಕಾಣಿಸಿತು: ಎದೆ ಸ್ವಲ್ಪ ಜೋರಾಗಿ ಬಡಿದರೆ ‘ಹಾರ್ಟ್ ಅಟ್ಯಾಕ್’ ಎಂಬ ಯೋಚನೆ, ಆ ಯೋಚನೆಗೆ ಹೆದರಿ ಬೇಗ ಬೇಗ ಉಸಿರಾಟ, ಹಾಗೆ ಉಸಿರಾಡಿದ್ದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳಿಗೆ ಜೋಮು ಮತ್ತು ತಲೆಸುತ್ತು, ಅದನ್ನು ಕಂಡು ಇನ್ನಷ್ಟು ಭಯ. ಈ ಸುತ್ತನ್ನು ಯಾವ ಜಾಗದಲ್ಲಿ ಮುರಿಯಬಹುದು ಎಂದು ಇಬ್ಬರೂ ಕೂಡಿ ಹುಡುಕುವುದು, ಹುಡುಕಿದ್ದನ್ನು ವಾರವಿಡೀ ಪ್ರಯೋಗ ಮಾಡಿ ನೋಡುವುದು, ಮುಂದಿನ ವಾರ ಬಂದು ಏನಾಯಿತೆಂದು ಹೇಳುವುದು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಸಿಬಿಟಿ ಎಂಬ ಚಿಕಿತ್ಸೆಯ ತಿರುಳು ಇಷ್ಟೇ. ಖಿನ್ನತೆಗೆ ಇದರದೇ ಒಂದು ಕವಲಿದೆ. ‘ಮನಸ್ಸು ಸರಿಯಾದ ಮೇಲೆ ಹೊರಗೆ ಹೋಗುತ್ತೇನೆ’ ಎಂದು ಕಾಯುವ ಬದಲು, ಸಣ್ಣದೊಂದು ಕೆಲಸವನ್ನು ದಿನಕ್ಕೂ ಗಂಟೆಗೂ ಕಟ್ಟಿಹಾಕಿ ಮೊದಲು ಮಾಡಿಬಿಡುವುದು, ಮನಸ್ಸು ಆಮೇಲೆ ಹಿಂಬಾಲಿಸುತ್ತದೆಯೇ ಎಂದು ನೋಡುವುದು.

ಇದು ನಗರದ ಓದಿದವರಿಗೆ ಮಾತ್ರ ಹೊಂದುವ ವಿದ್ಯೆ ಎಂಬ ಅನುಮಾನಕ್ಕೆ ನಮ್ಮ ಪಕ್ಕದ ಗೋವಾದಲ್ಲೇ ಉತ್ತರವಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ‘ಸಂಗಾತ್’ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿ, 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯಿದ್ದ 495 ಜನ ಪಾಲ್ಗೊಂಡಿದ್ದರು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ. ತರಬೇತಿ ಪಡೆದ, ಅದೇ ಸಮುದಾಯದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ ಅಷ್ಟೇ. ಮೂರು ತಿಂಗಳ ನಂತರ, ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಶೇ. 39ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರೆ, ಈ ಮಾತುಕತೆಯೂ ಸಿಕ್ಕವರಲ್ಲಿ ಅದು ಶೇ. 64. ನಾನು ಇದನ್ನು ಪದೇ ಪದೇ ನೆನಪಿಸಿಕೊಳ್ಳಲು ಕಾರಣವಿದೆ: ಅಲ್ಲಿ ಕೆಲಸ ಮಾಡಿದ್ದು ದೊಡ್ಡ ಪದವಿಯಲ್ಲ, ಸರಿಯಾದ ತರಬೇತಿ, ಬಿಡದ ಮೇಲ್ವಿಚಾರಣೆ ಮತ್ತು ಎದುರಿಗಿರುವವರ ಬದುಕಿನ ಪರಿಚಯ.

ಪರದೆಯ ಪ್ರಶ್ನೆಗೆ ಬರೋಣ. ಇಂಟರ್ನೆಟ್ಟಿನ ಮೂಲಕ ಸಿಬಿಟಿ ಕೊಡುವ ಪ್ರಯೋಗಗಳು ಸ್ವೀಡನ್ನಿನಂಥ ದೇಶಗಳಲ್ಲಿ ಎರಡು ದಶಕಗಳಿಂದ ನಡೆದಿವೆ. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಖಿನ್ನತೆ, ಆತಂಕ, ಪ್ಯಾನಿಕ್ ತೊಂದರೆಗಳಲ್ಲಿ ಎದುರಿಗೆ ಕೂತು ಪಡೆದ ಚಿಕಿತ್ಸೆಗೂ ದೂರದಿಂದ ಪಡೆದದ್ದಕ್ಕೂ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ಈ ಅಧ್ಯಯನಗಳು ಒಟ್ಟಾರೆ ಹೇಳುವ ಮಾತು. ಒಂದು ಷರತ್ತೆಂದರೆ ಆಚೆ ಬದಿಯಲ್ಲಿ ಮನುಷ್ಯರಿರಬೇಕು. ಪಾಠ ಮತ್ತು ಅಭ್ಯಾಸಗಳನ್ನು ಆ್ಯಪ್‌ನಲ್ಲಿ ಹಾಕಿ ‘ನೀವೇ ಮಾಡಿಕೊಳ್ಳಿ’ ಎಂದು ಬಿಟ್ಟಾಗ ಅರ್ಧದಲ್ಲೇ ಕೈಬಿಡುವವರು ಹೆಚ್ಚು, ಲಾಭವೂ ಕಡಿಮೆ. ನಮ್ಮ ದೇಶದಲ್ಲಿ ಇದಕ್ಕೆ ವೇಗ ಬಂದದ್ದು ಕೋವಿಡ್‌ನಿಂದ. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು, ಅದೇ ವರ್ಷ ನಿಮ್ಹಾನ್ಸ್ ದೂರವಾಣಿ ಮತ್ತು ವಿಡಿಯೊ ಮೂಲಕ ಮನೋಚಿಕಿತ್ಸೆ ನೀಡುವವರಿಗಾಗಿ ಪ್ರತ್ಯೇಕ ಮಾರ್ಗದರ್ಶಿ ಸಿದ್ಧಪಡಿಸಿತು. ಅಲ್ಲಿಯವರೆಗೆ ಹಿಂಜರಿಯುತ್ತಿದ್ದ ಚಿಕಿತ್ಸಕರೂ ಬೇರೆ ದಾರಿಯಿಲ್ಲದೆ ಲ್ಯಾಪ್‌ಟಾಪಿನ ಮುಂದೆ ಕೂತರು, ಅನೇಕರು ಹಾಗೆಯೇ ಮುಂದುವರಿದರು.

ದೂರ ಹೀಗೆ ಕರಗಿತು. ದೂರ ಕರಗಿದ ಮೇಲೆ ಕಾಣಿಸಿಕೊಂಡದ್ದು ಭಾಷೆ.

ಬೆಂಗಳೂರಿನಲ್ಲಿ ಈ ವೃತ್ತಿ ಬಹುಪಾಲು ಇಂಗ್ಲಿಷಿನಲ್ಲೇ ಉಸಿರಾಡುತ್ತದೆ. ಓದು ಇಂಗ್ಲಿಷಿನಲ್ಲಿ, ಮೇಲ್ವಿಚಾರಕರ ಜೊತೆಗಿನ ಚರ್ಚೆ ಇಂಗ್ಲಿಷಿನಲ್ಲಿ, ಟಿಪ್ಪಣಿ ಇಂಗ್ಲಿಷಿನಲ್ಲಿ. ಆ್ಯಪ್‌ನಲ್ಲಿ ‘ಕನ್ನಡ’ ಎಂದು ಗುರುತು ಹಾಕಿದ ಚಿಕಿತ್ಸಕರು ಸಿಗುತ್ತಾರೆ, ನಿಜ. ಆದರೆ ಕನ್ನಡ ಬಲ್ಲವರಿಗೂ ಕನ್ನಡದಲ್ಲಿ ಚಿಕಿತ್ಸೆ ಕೊಡಲು ಬಲ್ಲವರಿಗೂ ನಡುವೆ ಅಂತರವಿದೆ. ‘ಬೇಜಾರು’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಮಾಡಲು ಕೆಲಸವಿಲ್ಲದೆ ಹೊತ್ತು ಹೋಗದಿದ್ದರೂ ಬೇಜಾರು, ನಾದಿನಿ ಆಡಿದ ಮಾತು ಚುಚ್ಚಿದರೂ ಬೇಜಾರು, ಸತ್ತ ತಾಯಿ ನೆನಪಾದರೂ ಬೇಜಾರು, ಏನು ಮಾಡಿದರೂ ಯಾವುದರಲ್ಲೂ ರುಚಿ ಹತ್ತದಿದ್ದರೂ ಬೇಜಾರೇ. ಖಿನ್ನತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಪಿಎಚ್‌ಕ್ಯೂ–9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ ಎಂಬುದು ಮೊದಲನೆಯದು, ಮನಸ್ಸು ಕುಗ್ಗಿದೆಯೇ ಎಂಬುದು ಎರಡನೆಯದು. ಎರಡಕ್ಕೂ ‘ಹೌದು ಮೇಡಂ, ಬಹಳ ಬೇಜಾರು’ ಎಂಬ ಉತ್ತರ ಬಂದರೆ, ಕೇಳುವವರು ಅಲ್ಲಿಗೆ ಅಂಕ ಹಾಕಿ ಮೂರನೆಯ ಪ್ರಶ್ನೆಗೆ ಹೋಗುವುದೋ, ‘ಯಾವ ಥರದ ಬೇಜಾರು?’ ಎಂದು ನಿಲ್ಲುವುದೋ? ಚಿಕಿತ್ಸೆ ಶುರುವಾಗುವುದು ಹಾಗೆ ನಿಂತು ಕೇಳಿದಾಗ.

ಇದಕ್ಕಿಂತ ಗಂಭೀರವಾದ ಜಾಗ ಇನ್ನೊಂದಿದೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಕನ್ನಡದಲ್ಲಿ ‘ಸಾಕಾಗಿ ಹೋಗಿದೆ’ ಎಂಬುದು ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಆಡುವ ಮಾತೂ ಹೌದು, ಬದುಕಿನ ಕೊನೆಯ ಅಂಚಿನಲ್ಲಿ ನಿಂತವರು ಆಡುವ ಮಾತೂ ಹೌದು. ‘ಸತ್ತರೆ ಸಾಕು ಅನ್ನಿಸ್ತದೆ’ ಎಂದು ನಮ್ಮ ಅಜ್ಜಿಯಂದಿರು ಮೊಣಕಾಲು ನೋವಿಗೂ ಅನ್ನುತ್ತಿದ್ದರು. ‘ಎಲ್ಲಾ ಬಿಟ್ಟು ಎಲ್ಲಾದ್ರೂ ಹೋಗಿಬಿಡಬೇಕು’ ಎಂದಾಗ ಅದು ಧರ್ಮಸ್ಥಳಕ್ಕೋ ತವರಿಗೋ ಹೋಗುವ ಆಸೆಯೋ, ಹೇಳಲಾಗದ ಇನ್ನೊಂದೋ ಎಂಬುದು ಪದದಿಂದಲ್ಲ, ದನಿಯಿಂದ, ಹೇಳಿದ ಸಂದರ್ಭದಿಂದ, ಹೇಳಿದ ಮೇಲಿನ ಮೌನದಿಂದ ತಿಳಿಯಬೇಕು. ಈ ಭಾಷೆಯೊಳಗೆ ಬೆಳೆದವರಿಗೆ ಕೂಡ ಅದು ಸುಲಭವಲ್ಲ. ಆದ್ದರಿಂದಲೇ ಒಳ್ಳೆಯ ಚಿಕಿತ್ಸಕರು ಊಹಿಸದೆ, ಮುಚ್ಚುಮರೆಯಿಲ್ಲದೆ, ‘ಸಾಯಬೇಕು ಅನ್ನುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳಿದ್ದರಿಂದ ಎದೆ ಹಗುರಾಯಿತು ಎನ್ನುವವರೂ ಇದ್ದಾರೆ.

ನಮ್ಮ ಮಹಿಳೆ ಈಗಿನ ಚಿಕಿತ್ಸಕಿಗೆ ಮುಂಚೆ ಇನ್ನೊಬ್ಬರ ಬಳಿ ಮೂರು ಸಲ ಮಾತಾಡಿದ್ದರು. ಆ ಮೂರೂ ಸಲ ಅರ್ಧ ಇಂಗ್ಲಿಷಿನಲ್ಲಿ, ತಮಗೆ ಬರುವಷ್ಟರಲ್ಲಿ, ‘ಐ ಆಮ್ ಫೀಲಿಂಗ್ ಲೋ’ ಎಂದು ಹೇಳಿ ಸುಮ್ಮನಾಗಿದ್ದರಂತೆ. ಈಗಿನವರ ಜೊತೆ ಎರಡನೆಯ ವಾರ ಅವರ ಬಾಯಿಂದ ಬಂದದ್ದು, ‘ಎದಿ ಮ್ಯಾಲೆ ಅರಿಯೋ ಕಲ್ಲು ಇಟ್ಟಂಗ ಆಗ್ತೈತಿ ನೋಡ್ರಿ.’ ಚಿಕಿತ್ಸಕಿ ಹಾಸನದ ಕಡೆಯವರು, ಮಾತು ಬೇರೆ ಧಾಟಿಯದು. ಆದರೂ ಅವರು ಆ ಕಲ್ಲನ್ನು ಬಿಡಲಿಲ್ಲ. ಬೆಳಿಗ್ಗೆ ಎಷ್ಟು ಭಾರ ಇರುತ್ತದೆ, ಯಾರು ಬಂದರೆ ಹಗುರಾಗುತ್ತದೆ, ಯಾವ ಕೆಲಸ ಹಿಡಿದಾಗ ಮರೆತುಹೋಗುತ್ತದೆ ಎಂದು ವಾರಗಟ್ಟಲೆ ಅದನ್ನೇ ಹಿಡಿದು ಕೇಳಿದರು. ನಮ್ಮ ಜನ ದುಃಖವನ್ನು ಮೈಯ ಭಾಷೆಯಲ್ಲಿ ಹೇಳುತ್ತಾರೆ: ತಲೆ ಭಾರ, ಮೈ ಉರಿ, ಹೊಟ್ಟೆಯಲ್ಲಿ ಸಂಕಟ, ನಿಶ್ಶಕ್ತಿ. ಇದನ್ನು ‘ಭಾವನೆ ಹೇಳಲು ಬಾರದವರು’ ಎಂದು ತಿಳಿಯುವುದು ದೊಡ್ಡ ತಪ್ಪು. ಅವರು ಹೇಳುತ್ತಲೇ ಇದ್ದಾರೆ. ಅದು ಮನಸ್ಸಿನ ಮಾತೆಂದು ಕೇಳಿಸಿಕೊಳ್ಳುವ ಕಿವಿ ಬೇಕು.

ಸಂಬಂಧಗಳ ವಿಷಯದಲ್ಲೂ ಹೀಗೆಯೇ. ‘ನಿಮ್ಮ ಗಡಿಗಳನ್ನು ಗುರುತಿಸಿಕೊಳ್ಳಿ’ ಎಂಬ, ಪಠ್ಯಪುಸ್ತಕದಿಂದ ನೇರವಾಗಿ ಇಳಿದ ಸಲಹೆ, ಅತ್ತೆ, ವಾರಗಿತ್ತಿ, ಮದುವೆಯಾಗದ ಮೈದುನ ಒಂದೇ ಅಡುಗೆಮನೆ ಹಂಚಿಕೊಂಡ ಮನೆಯಲ್ಲಿ ಯಾರ ಎದುರು, ಯಾವ ಮಾತಿನಲ್ಲಿ, ನೀವು ಎಂದೋ ನೀನು ಎಂದೋ ಜಾರಿಗೆ ಬರಬೇಕು? ಬಹುವಚನದಲ್ಲಿ ಮಾತಾಡಿಸಬೇಕಾದವರಿಗೆ ‘ಆಗುವುದಿಲ್ಲ’ ಎನ್ನುವುದಕ್ಕೆ ಕನ್ನಡದಲ್ಲಿ ಹತ್ತು ದಾರಿಗಳಿವೆ, ಎಲ್ಲವೂ ಸುತ್ತುಬಳಸಿನವು. ಆ ಸುತ್ತುದಾರಿಗಳನ್ನು ಬಲ್ಲ ಚಿಕಿತ್ಸಕರು ಮಾತ್ರ ನಡೆಯಬಹುದಾದ ದಾರಿ ತೋರಿಸಬಲ್ಲರು.

ಇನ್ನು ಜಾಗ. ಚಿಕಿತ್ಸಾಲಯದ ಕೋಣೆಗೆ ಬಾಗಿಲಿರುತ್ತದೆ. ಆನ್‌ಲೈನ್ ವ್ಯವಸ್ಥೆ ಆ ಬಾಗಿಲಿನ ಹೊಣೆಯನ್ನು ಸದ್ದಿಲ್ಲದೆ ಚಿಕಿತ್ಸೆ ಪಡೆಯುವವರ ತಲೆಗೆ ಹಾಕಿದೆ. ಎರಡು ಕೋಣೆಯ ಮನೆಯಲ್ಲಿ ಐದು ಜನ ಇರುವಾಗ ಒಬ್ಬರು ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರೆ ಉಳಿದ ನಾಲ್ವರಿಗೂ ಅದೇ ದೊಡ್ಡ ಸುದ್ದಿ. ಕಾರಿರುವವರು ಪಾರ್ಕಿಂಗಿನಲ್ಲಿ ಗಾಜು ಏರಿಸಿಕೊಂಡು ಕೂರುತ್ತಾರೆ, ಹಾಸ್ಟೆಲಿನವರು ಮೆಟ್ಟಿಲ ಕೆಳಗೆ, ತೋಟ ಇರುವವರು ಪಂಪ್‌ಸೆಟ್ ಮನೆಯಲ್ಲಿ. ಹೆಂಗಸರಿಗೆ ಇದರ ಮೇಲೆ ಫೋನಿನದೇ ತೊಡಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ. 54ರಷ್ಟು ಮಾತ್ರ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಶೇ. 33. ಸಂಖ್ಯೆ ಆಮೇಲೆ ಏರಿರುವುದು ಖಂಡಿತ, ಆದರೆ ಫೋನ್ ಕೈಯಲ್ಲಿರುವುದೇ ಬೇರೆ, ಅದರ ಪಾಸ್‌ವರ್ಡ್ ಗಂಡನಿಗೋ ಮಗನಿಗೋ ಗೊತ್ತಿಲ್ಲದಿರುವುದೇ ಬೇರೆ. ಹಿಂಸೆ ನಡೆಯುವ ಮನೆಗಳಲ್ಲಂತೂ ಹಿಂಸಿಸುವವನು ಗೋಡೆಯಾಚೆಯೇ ಇರುತ್ತಾನೆ. ಅಂಥ ಕಡೆ ಅನುಭವಿ ಚಿಕಿತ್ಸಕರು ಮೊದಲ ಭೇಟಿಯಲ್ಲೇ ಒಂದು ಗುರುತಿನ ಮಾತು ನಿಗದಿ ಮಾಡಿಕೊಳ್ಳುತ್ತಾರೆ. ‘ಗ್ಯಾಸ್ ಬುಕ್ ಮಾಡಬೇಕಿತ್ತು’ ಎಂದರೆ ಯಾರೋ ಬಂದಿದ್ದಾರೆ, ವಿಷಯ ಬದಲಿಸಿ ಎಂದರ್ಥ.

ಗೋಡೆಯಾಚೆಯ ಕಿವಿ ಕಣ್ಣಿಗೆ ಕಾಣುತ್ತದೆ. ಆ್ಯಪ್‌ನ ಕಿವಿ ಕಾಣುವುದಿಲ್ಲ. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಚಿಕಿತ್ಸಾ ಕಂಪನಿ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದವುಗಳ ಜೊತೆ ಹಂಚಿಕೊಂಡಿತೆಂಬ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಫಿನ್ಲೆಂಡಿನಲ್ಲಿ ವಸ್ತಾಮೊ ಎಂಬ ಚಿಕಿತ್ಸಾ ಸಂಸ್ಥೆಯ ಕಡತಗಳು ಕಳುವಾಗಿ, 2020ರಲ್ಲಿ ಸಾವಿರಾರು ಜನರಿಗೆ ‘ಹಣ ಕೊಡದಿದ್ದರೆ ನೀವು ಚಿಕಿತ್ಸಕರಿಗೆ ಹೇಳಿಕೊಂಡದ್ದನ್ನೆಲ್ಲ ಬಯಲಿಗಿಡುತ್ತೇವೆ’ ಎಂಬ ಬೆದರಿಕೆ ಬಂತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಆದರೂ ಖಾತೆ ತೆರೆಯುವಾಗ ಫೋನ್ ನಂಬರಿಗಿಂತ ಹೆಚ್ಚಿನದನ್ನು ಕೇಳುವ, ಸಂಭಾಷಣೆ ರೆಕಾರ್ಡ್ ಆಗುತ್ತದೆಯೇ ಎಂಬುದನ್ನು ಸ್ಪಷ್ಟವಾಗಿ ಹೇಳದ ಆ್ಯಪ್‌ನಿಂದ ದೂರವಿರುವುದೇ ಲೇಸು.

ಆಚೆ ಬದಿಯಲ್ಲಿ ಕೂತವರು ಯಾರು ಎಂಬ ಪ್ರಶ್ನೆಗೆ ನಮ್ಮ ಕಾನೂನು ಇನ್ನೂ ಪೂರ್ತಿ ಉತ್ತರ ಕೊಡುವುದಿಲ್ಲ. ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು, ಅವರಿಗೊಂದು ನೋಂದಣಿ ಸಂಖ್ಯೆ ಇರುತ್ತದೆ. ಆದರೆ ‘ಕೌನ್ಸೆಲರ್’, ‘ಥೆರಪಿಸ್ಟ್’ ಎಂಬ ಫಲಕ ಹಾಕಿಕೊಳ್ಳುವವರಲ್ಲಿ ಎಂಎಸ್ಸಿ ಸೈಕಾಲಜಿ ಮಾಡಿ ವರ್ಷಗಟ್ಟಲೆ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಇದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ಪಡೆದವರೂ ಇದ್ದಾರೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಇತರ ಸೈಕಾಲಜಿಸ್ಟರನ್ನೂ ಆಪ್ತಸಮಾಲೋಚಕರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ; ಅದು ನೆಲದ ಮೇಲೆ ಪೂರ್ತಿ ಇಳಿಯುವವರೆಗೆ ವಿಚಾರಿಸುವ ಹೊಣೆ ನಮ್ಮದೇ. ಮೊದಲ ಕರೆಯಲ್ಲೇ ‘ನೀವು ಎಲ್ಲಿ ಓದಿದ್ದು, ನಿಮ್ಮ ಕೆಲಸವನ್ನು ನೋಡುವ ಮೇಲ್ವಿಚಾರಕರು ಇದ್ದಾರೆಯೇ, ನನ್ನ ತೊಂದರೆಗೆ ಯಾವ ವಿಧಾನ ಬಳಸುತ್ತೀರಿ, ಸುಮಾರು ಎಷ್ಟು ವಾರ ಹಿಡಿಯುತ್ತದೆ’ ಎಂದು ಕೇಳುವುದು ಅಗೌರವವಲ್ಲ. ಉತ್ತರ ಕೊಡಲು ಮುನಿಸಿಕೊಳ್ಳುವವರು ನಿಮಗೆ ಬೇಡ. ಅವರೂ ನಿಮ್ಮನ್ನು ಕೇಳಬೇಕಾದದ್ದಿದೆ: ಈಗ ಯಾವ ಊರಿನಲ್ಲಿದ್ದೀರಿ, ತುರ್ತಾದರೆ ಯಾರಿಗೆ ಫೋನ್ ಮಾಡಬೇಕು. ಈ ಎರಡನ್ನು ಕೇಳದೆ ಚಿಕಿತ್ಸೆ ಶುರುಮಾಡುವವರು ದೂರಚಿಕಿತ್ಸೆಯ ಮೊದಲ ಪಾಠವನ್ನೇ ಬಿಟ್ಟಿದ್ದಾರೆ.

ಎಲ್ಲವೂ ಪರದೆಯ ಮೇಲೆ ಆಗುವುದಿಲ್ಲ. ಪ್ರಾಣಕ್ಕೆ ಅಪಾಯ ತಂದುಕೊಳ್ಳುವ ಸ್ಥಿತಿ, ಇಲ್ಲದ ದನಿಗಳು ಕೇಳಿಸುವುದು, ವಾರಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹದಲ್ಲಿರುವುದು, ಕುಡಿತ ಒಮ್ಮೆಲೇ ಬಿಟ್ಟಾಗ ಬರುವ ನಡುಕ ಮತ್ತು ಗೊಂದಲ — ಇವಕ್ಕೆಲ್ಲ ಆಸ್ಪತ್ರೆಯೇ ಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ ಕೂಡ ಖಿನ್ನತೆಯ ವೇಷದಲ್ಲಿ ಬರುವುದರಿಂದ ಒಂದು ಸಲ ವೈದ್ಯರಿಗೆ ತೋರಿಸಿಕೊಂಡೇ ಮಾತಿನ ಚಿಕಿತ್ಸೆಗೆ ಹೋಗುವುದು ಒಳ್ಳೆಯದು.

ಖರ್ಚಿನ ಮಾತು. ನಗರದ ಖಾಸಗಿ ಚಿಕಿತ್ಸಕರ ಒಂದು ಭೇಟಿಗೆ ಸಾವಿರ ರೂಪಾಯಿಗಿಂತ ಮೇಲೆ ತೆರಬೇಕಾಗುವುದು ಸಾಮಾನ್ಯ, ಚಿಕಿತ್ಸೆ ಎಂಟು ಹತ್ತು ವಾರವಾದರೂ ನಡೆಯಬೇಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ನಮ್ಮ ವಿಮೆಗಳು ಬಹುತೇಕ ಆಸ್ಪತ್ರೆಗೆ ದಾಖಲಾದರಷ್ಟೇ ಹಣ ಕೊಡುವಂಥವು, ವಾರಕ್ಕೊಮ್ಮೆಯ ಮಾತಿಗೆ ಅವು ಒದಗುವುದು ಅಪರೂಪ. ಹಾಗಾಗಿಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಎಂಬ ಸಂಖ್ಯೆ ಪ್ರತಿ ಮನೆಯ ಗೋಡೆಯ ಮೇಲೆ ಇರಬೇಕಾದದ್ದು. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಎಂಬ ಈ ಸೇವೆ ಉಚಿತ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇದೆ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸಿಗುತ್ತದೆ. ನಿಮ್ಹಾನ್ಸ್ ಇದರ ಕೇಂದ್ರಸ್ಥಾನ, ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐಐಐಟಿಯದು. 2024ರ ಹೊತ್ತಿಗೆ ಇದಕ್ಕೆ ಬಂದ ಕರೆಗಳು ಹತ್ತು ಲಕ್ಷ ದಾಟಿದವು. ಮೊದಲು ಮಾತಾಡುವವರು ತರಬೇತಾದ ಆಪ್ತಸಮಾಲೋಚಕರು, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಅದರ ಮಿತಿಯನ್ನೂ ಹೇಳಬೇಕು: ಅದು ಸಹಾಯವಾಣಿ. ಅದೇ ವ್ಯಕ್ತಿ, ಅದೇ ದಿನ, ಅದೇ ಗಂಟೆಗೆ, ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದಲೇ ಎಂಬ ನಿರಂತರತೆ ಅದರ ಕೆಲಸವಲ್ಲ, ಮಾತಿನ ಚಿಕಿತ್ಸೆಯ ಅರ್ಧ ಶಕ್ತಿ ಇರುವುದು ಆ ನಿರಂತರತೆಯಲ್ಲಿ.

ಈ ತೆರವನ್ನೇ ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ತುಂಬುತ್ತಿವೆ. ರಾತ್ರಿ ಎರಡು ಗಂಟೆಗೆ ಕನ್ನಡದಲ್ಲೇ ಉತ್ತರಿಸುವ, ಬೇಸರಿಸಿಕೊಳ್ಳದ, ಹಣ ಕೇಳದ ಯಂತ್ರದ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಆದರೆ ನೊಂದವರು ಹೇಳಿದ್ದಕ್ಕೆಲ್ಲ ‘ಹೌದು’ ಎನ್ನುವ ಒಲವು ಅವುಗಳಲ್ಲಿದೆ, ತಪ್ಪಾದರೆ ಕೇಳಲು ಹೊಣೆಗಾರರಿಲ್ಲ. ಅಮೆರಿಕದ ಇಲಿನಾಯ್ ರಾಜ್ಯ 2025ರಲ್ಲಿ ಯಂತ್ರಗಳು ತಾವಾಗಿ ಚಿಕಿತ್ಸೆ ಕೊಡುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ಉಸಿರಾಟದ ಅಭ್ಯಾಸ ನೆನಪಿಸಲು, ದಾಖಲೆ ಬರೆಸಲು ಅವು ನೆರವಾಗಲಿ. ‘ಸಾಕಾಗಿ ಹೋಗಿದೆ’ ಎಂಬ ಮಾತನ್ನು ತೂಗುವ ಕೆಲಸ ಅವುಗಳಿಗೆ ಬೇಡ.

ಹೊರದೇಶದ ಕನ್ನಡಿಗರ ಕಷ್ಟ ಇಲ್ಲಿನವರದಕ್ಕೆ ತಿರುವುಮುರುವು. ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇರುವವರಿಗೆ ಕೋಣೆಯಿದೆ, ಫೋನಿದೆ, ಹಣವೂ ಇರಬಹುದು; ತಂದೆ ತೀರಿಕೊಂಡ ಸುದ್ದಿ ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ತಿಳಿದು, ವೀಸಾದ ತೊಡಕಿನಿಂದ ಮಣ್ಣಿಗೆ ಬರಲಾಗದ ದುಃಖವನ್ನು ಹೇಳಿಕೊಳ್ಳಲು ಕನ್ನಡದ ಕಿವಿ ಇಲ್ಲ. ಬೆಂಗಳೂರಿನ ಚಿಕಿತ್ಸಕರನ್ನು ಹುಡುಕಿಕೊಳ್ಳುವುದು ಸಹಜ. ಆದರೆ ಅಮೆರಿಕದಲ್ಲಿ ಸೈಕಾಲಜಿಸ್ಟರ ಪರವಾನಗಿ ರಾಜ್ಯವಾರು ಇರುವಂಥದು, ಚಿಕಿತ್ಸೆ ಪಡೆಯುವವರು ಕೂತ ರಾಜ್ಯದ ಕಾನೂನೇ ಅನ್ವಯಿಸುತ್ತದೆ. ನಮ್ಮ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಕೂಡ ಭಾರತದ ಹೊರಗಿನ ಸಮಾಲೋಚನೆಗೆ ತನ್ನನ್ನು ಅನ್ವಯಿಸಿಕೊಂಡಿಲ್ಲ. ತುರ್ತು ಬಂದರೆ ಹತ್ತು ಸಾವಿರ ಕಿಲೋಮೀಟರ್ ಆಚೆಯ ಚಿಕಿತ್ಸಕರು ಯಾರನ್ನು ಬಾಗಿಲಿಗೆ ಕಳಿಸಬಲ್ಲರು? ಅಲ್ಲಿನ ಕನ್ನಡ ಕೂಟಗಳು ಹಬ್ಬಗಳ ಜೊತೆಗೆ, ಆಯಾ ರಾಜ್ಯದಲ್ಲಿ ಪರವಾನಗಿ ಇರುವ ಕನ್ನಡ ಬಲ್ಲ ಚಿಕಿತ್ಸಕರ ಪಟ್ಟಿಯೊಂದನ್ನು ಮಾಡಿಟ್ಟರೆ ಬಹಳ ಜನಕ್ಕೆ ಉಪಕಾರವಾದೀತು.

ಊರಿನೊಳಗೆ ಮಾಡಬಹುದಾದದ್ದು ಇದಕ್ಕಿಂತ ಸರಳ. ಮನಶ್ಶಾಸ್ತ್ರ ಓದುವ ವಿದ್ಯಾರ್ಥಿಗಳು ತರಬೇತಿಯ ಒಂದು ಭಾಗವನ್ನಾದರೂ ಕನ್ನಡದಲ್ಲಿ, ಕನ್ನಡ ಬಲ್ಲ ಮೇಲ್ವಿಚಾರಕರ ಕೈಕೆಳಗೆ ಮುಗಿಸುವಂತಾಗಬೇಕು. ಅದರ ಜೊತೆಗೆ, ದೂರದ ವೈದ್ಯರಿಗೆ ವಿಡಿಯೊದಲ್ಲಿ ತೋರಿಸಿಕೊಳ್ಳುವ ಸರ್ಕಾರದ ಇ–ಸಂಜೀವಿನಿ ಸೇವೆಗಾಗಿ ಕಂಪ್ಯೂಟರೂ ಕ್ಯಾಮೆರಾವೂ ಇರುವ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಒಂದು ಕೋಣೆಯನ್ನು ಇದಕ್ಕೆಂದು ಬಿಟ್ಟುಕೊಡಬಹುದು. ಬಿಪಿ, ಶುಗರ್ ತೋರಿಸಲು ಬಂದವರ ಸಾಲಿನಲ್ಲೇ ಬಂದು ಒಳಗೆ ಹೋಗುವುದರಿಂದ ಯಾರು ಯಾತಕ್ಕೆ ಬಂದರೆಂದು ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆಯನ್ನು ತಾರಸಿಯ ಆ ಮಹಿಳೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರು ವಿಷಯ ಕೇಳಿದರು: ಒಳಗಿಂದ ಚಿಲಕ ಹಾಕಿಕೊಳ್ಳಲು ಬರುತ್ತದೆಯೇ, ಹೊರಗಿನ ಬೆಂಚಿಗೆ ಮಾತು ಕೇಳಿಸದಷ್ಟು ಸದ್ದು ಮಾಡುವ ಫ್ಯಾನ್ ಇದೆಯೇ, ಅತ್ತ ಮೇಲೆ ಮುಖ ತೊಳೆದುಕೊಳ್ಳಲು ನಲ್ಲಿ ಹತ್ತಿರದಲ್ಲಿದೆಯೇ.